ನುಂಗುವ ಮೊದಲು ನಾಯಿ ತಿರುಗಿ ನೋಡುವುದೇಕೆ

"ಅದಕ್ಕೆ ನಮ್ಮ ಕಡೆ ಒಂದು ಹೆಸರಿತ್ತು," ಅಂದಳು ಅಜ್ಜಿ. "ಕುಚ್ಚು... ಕುಚ್ಚು ಅಲ್ಲ. ಕಣ ತುಳಿಯುವಾಗ ಎತ್ತು ತೆನೆಗೆ ಬಾಯಿ ಹಾಕಬಾರದು ಅಂತ ಮೂತಿಗೆ ಕಟ್ತಿದ್ದರು. ಹಗ್ಗದಲ್ಲಿ ಹೆಣೆದದ್ದು. ಕುಪ್ಪೆ... ಕುಪ್ಪೆನೂ ಅಲ್ಲ."

ಮೊಮ್ಮಗಳು ಚಂಪಾ ಕಾದಳು. ಅವಳ ಕೈಯಲ್ಲಿ ಅಂಗಡಿಯಿಂದ ತಂದ ಬಲೆಯಂಥ ಮೂತಿಚೀಲ ಇತ್ತು. ಅದನ್ನು ಯಾರಿಗೆ ಕಟ್ಟಬೇಕೋ ಆ ಮೋತಿ ಮಂಚದ ಕೆಳಗೆ ಸೇರಿಕೊಂಡು ಬಾಲ ಮಾತ್ರ ಹೊರಗೆ ಬಿಟ್ಟಿತ್ತು. ಬೀದಿಗೆ ಕರೆದುಕೊಂಡು ಹೋದರೆ ಮೋತಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿತ್ತು. ಸೋಮವಾರ ಸಮೋಸ ಸುತ್ತಿದ ಕಾಗದ. ಮಂಗಳವಾರ ಯಾರದೋ ಕಾಲುಚೀಲ. ಆ ಕಾಲುಚೀಲವನ್ನು ಹೊರಗೆ ತೆಗೆದ ನಾಯಿ ಡಾಕ್ಟರು, ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಅಂದಿದ್ದರು.

ಅಜ್ಜಿ ಚಳ್ಳಕೆರೆ ಕಡೆಯವಳು. ನಾಗಪುರಕ್ಕೆ ಬಂದು ನಲವತ್ತೆರಡು ವರ್ಷವಾಗಿತ್ತು. ಕೆಲವು ಮಾತುಗಳು ಹೀಗೆ ಕೈಗೆ ಸಿಗದೆ ಓಡಾಡುತ್ತಿದ್ದವು.

"ಕುಕ್ಕೆ," ಅಂದಳು. "ಬಾಯಿಕುಕ್ಕೆ. ಎತ್ತಿಗೆ ಅದು ಸರಿ. ನಾಯಿಗೂ ಒಂದು ಸಲ ಕಟ್ಟಿ ನೋಡಿದ್ದಳು, ಬೋರಕ್ಕ."

"ಬೋರಕ್ಕ ಯಾರು? ನಿಮ್ಮೂರವಳಾ?"

"ಆಗ ನಮ್ಮೂರು ಎಲ್ಲಿತ್ತು. ಯಾರ ಊರೂ ಇರಲಿಲ್ಲ. ಕೂತ್ಕೋ. ಮೋತಿ ಅಲ್ಲೇ ಇರಲಿ, ಅದೂ ಕೇಳಲಿ."

ಭೂಮಿ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ಹೊಳೆಗೆ ಯಾವ ಕಡೆ ಹೋಗಬೇಕೆಂದು ತಿಳಿದಿರಲಿಲ್ಲ. ಗಾಳಿ ಕಂಡಕಂಡವರನ್ನು ಮುಟ್ಟಿ, ನೀನು ಯಾರು, ನೀನು ಯಾರು ಎಂದು ಕೇಳಿಕೊಂಡು ತಿರುಗುತ್ತಿತ್ತು.

ಆಗ ಒಂದು ದಿನ ಭೂಮ್ತಾಯಿ ಎಲ್ಲರಿಗೂ ಊಟ ಹಂಚಲು ಕೂತಳು.

ಹಸು ಬಂತು. "ನಿನಗೆ ಹುಲ್ಲು," ಅಂದಳು. ಹುಲಿ ಬಂತು. "ನಿನಗೆ ಜಿಂಕೆ," ಅಂದಳು. ಜಿಂಕೆಗೆ ಇದು ಅಷ್ಟು ಹಿಡಿಸಲಿಲ್ಲ, ಆದರೆ ಅದಕ್ಕೂ ಚಿಗುರು ಸಿಕ್ಕಿತು. ಇರುವೆಗೆ ಸಿಹಿ. ಎರೆಹುಳುವಿಗೆ ಮಣ್ಣು. ಕಾಗೆಗೆ ಎಲ್ಲರ ಎಂಜಲು. ತೋಳಕ್ಕೆ, ತಾನೇ ಓಡಿ ಹಿಡಿದದ್ದು. ಬೆಳಗ್ಗೆ ಕೂತವಳು ಹೊತ್ತು ಇಳಿಯುವವರೆಗೂ ಹಂಚಿದಳು.

ನಾಯಿ ಬಂದದ್ದು ಕಟ್ಟಕಡೆಗೆ. ಬೆಳಗ್ಗೆಯೇ ಹೊರಟಿದ್ದ. ಆದರೆ ದಾರಿಯಲ್ಲಿ ಒಂದು ಕಲ್ಲು ಸಿಕ್ಕಿತು, ಅದನ್ನು ಮೂಸಿದ. ಒಂದು ಪೊದೆ ಸಿಕ್ಕಿತು, ಅದನ್ನೂ ಮೂಸಿದ. ಪೊದೆಯ ಹಿಂದೆ ಇನ್ನೊಂದು ಕಲ್ಲಿತ್ತು. ಅವನು ಬರುವ ಹೊತ್ತಿಗೆ ಭೂಮ್ತಾಯಿ ಮಡಿಲು ಕೊಡವಿ ಏಳುತ್ತಿದ್ದಳು.

"ಎಲ್ಲ ಮುಗೀತಲ್ಲಪ್ಪ," ಅಂದಳು.

ನಾಯಿ ಎದುರಿಗೆ ಕೂತು ಅವಳ ಮುಖವನ್ನೇ ನೋಡಿದ. ಹಾಗೆ ನೋಡುವುದು ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

ಭೂಮ್ತಾಯಿಗೆ ಸಾಕಾಗಿತ್ತು. "ಸರಿ. ದಾರಿಯಲ್ಲಿ ಬಿದ್ದದ್ದೆಲ್ಲ ನಿಂದು," ಅಂದಳು. "ನುಂಗುವ ತನಕ ಅದು ಯಾರದೂ ಅಲ್ಲ. ನುಂಗಿದ ಮೇಲೆ ನಿಂದೇ. ಹೋಗು."

ನಾಯಿ ಬಾಲ ಅಲ್ಲಾಡಿಸಿಕೊಂಡು ಹೋದ. ಮರದ ಮೇಲಿದ್ದ ಕಾಗೆ ಕೇಳಿತು, "ಲೋ, ದಾರಿಯಲ್ಲಿ ಏನೇನು ಬೀಳುತ್ತೆ ಅಂತ ಗೊತ್ತೇನೋ?"

"ಗೊತ್ತಿಲ್ಲ," ಅಂದ ನಾಯಿ. "ಎಲ್ಲಾನೂ ನಂದೇ."

ಅವತ್ತಿನಿಂದ ನಾಯಿಗಳು ದಾರಿ ಹಿಡಿದು ನಡೆದವು, ಬಿದ್ದದ್ದನ್ನು ತಿಂದವು. ಮೂಳೆ ತಿಂದವು, ಸತ್ತ ಹಲ್ಲಿ ತಿಂದವು, ಹಳೆಯ ತೊಗಲು ತಿಂದವು. ಹೇಳಬಾರದ್ದನ್ನೂ ತಿಂದವು.

"ಏನು ಅಜ್ಜಿ, ಹೇಳಬಾರದ್ದು?"

"ಮೋತಿ ಮೊನ್ನೆ ಪಾರ್ಕಿನಲ್ಲಿ ತಿಂದಿತಲ್ಲ, ಅದು."

"ಛೀ."

ಬೇಗ ಬೇಗ ತಿಂದವು. ನುಂಗುವ ತನಕ ಯಾರದೂ ಅಲ್ಲವಲ್ಲ. ಕಾಗೆ ನೋಡುತ್ತಿರುತ್ತದೆ, ನರಿ ನೋಡುತ್ತಿರುತ್ತದೆ. ಯಾರಾದರೂ ಹತ್ತಿರ ಬಂದರೆ ನಾಯಿಗೆ ಒಂದೇ ಯೋಚನೆ: ಮೊದಲು ನುಂಗಬೇಕು.

ಆ ಕಾಲದಲ್ಲಿ ಕುರಿ ಕಾಯುವವಳೊಬ್ಬಳಿದ್ದಳು. ಅವಳೇ ಬೋರಕ್ಕ. ನಲವತ್ತು ಕುರಿ, ಒಂದು ಕಂಬಳಿ, ಒಂದು ಕುಡುಗೋಲು, ಒಂದು ಕೋಲು. ಹುಲ್ಲು ಎಲ್ಲಿದೆಯೋ ಅಲ್ಲಿಗೆ ಕುರಿ, ಕುರಿ ಎಲ್ಲಿಗೋ ಅಲ್ಲಿಗೆ ಬೋರಕ್ಕ. ಹೆಚ್ಚು ಮಾತಿನವಳಲ್ಲ. ಕುರಿಗಳ ಹತ್ತಿರ ಮಾತಾಡಿ ಏನಾಗಬೇಕು.

ಅವಳ ಮಂದೆಯ ಹಿಂದೆ ಎರಡು ನಾಯಿ ಸೇರಿಕೊಂಡವು. ಅಣ್ಣ ತಂಗಿ. ಅಣ್ಣ ಕೆಂಪಗಿದ್ದ, ಅವನಿಗೆ ಕೆಂದ ಎಂದಳು. ತಂಗಿ ಬೆಳ್ಳಗಿದ್ದಳು, ಅವಳಿಗೆ ಬೆಳ್ಚಿ ಎಂದಳು. ಮಂದೆ ನಡೆದ ದಾರಿಯಲ್ಲಿ ಏನಾದರೊಂದು ಬಿದ್ದಿರುತ್ತದೆ ಎಂದು ಅವು ಬಂದದ್ದು. ತೋಳ ಬಂದಾಗ ಅಟ್ಟಿದ್ದು ಮಾತ್ರ ಯಾರೂ ಹೇಳಿಕೊಟ್ಟದ್ದಲ್ಲ. ನಾಯಿಗಳು ಬರುವ ಮೊದಲು ತೋಳ ತಿಂಗಳಿಗೆ ಎರಡು ಮೂರು ಮರಿ ಒಯ್ಯುತ್ತಿತ್ತು. ಬಂದ ಮೇಲೆ ಒಂದೂ ಹೋಗಲಿಲ್ಲ.

ಬೋರಕ್ಕ ಅವಕ್ಕೆ ಏನೂ ಕೊಡುತ್ತಿರಲಿಲ್ಲ. ಕೊಡಬೇಕೆಂದು ಅವಳಿಗೂ ತೋಚಲಿಲ್ಲ, ಕೇಳಬೇಕೆಂದು ಅವಕ್ಕೂ ತೋಚಲಿಲ್ಲ. ದಾರಿಯಲ್ಲಿ ಬಿದ್ದದ್ದು ಇತ್ತಲ್ಲ.

ಒಂದು ದಿನ ದಾರಿಯ ಪಕ್ಕದಲ್ಲಿ ಒಂದು ಕಾಸರಕದ ಮರ ಸಿಕ್ಕಿತು. ಕಾಸರಕದ ಹಣ್ಣು ನೋಡಲು ಪುಟ್ಟ ಕಿತ್ತಳೆಯ ಹಾಗೆ. ಒಳಗಿನ ಬೀಜ ವಿಷ. ಕುರಿಗಳು ಅದನ್ನು ಮೂಸಿ ಬಿಟ್ಟವು, ಅವಕ್ಕೆ ಭೂಮ್ತಾಯಿ ಕೊಟ್ಟದ್ದು ಹುಲ್ಲು. ಬೆಳ್ಚಿ ಹಣ್ಣಿಗೆ ಬಾಯಿ ಹಾಕಿದಳು.

ಬೋರಕ್ಕ ನೋಡಿದಳು. ಕೋಲು ಎತ್ತಿಕೊಂಡು, "ಹಚಾ, ಹಚಾ, ಬಿಡೇ, ಬಿಡೇ" ಎಂದು ಕೂಗುತ್ತ ಓಡಿದಳು. ಬೆಳ್ಚಿ ತಲೆ ಎತ್ತಿದಳು. ಬೋರಕ್ಕ ಓಡಿ ಬರುತ್ತಿರುವುದನ್ನು ಕಂಡಳು. ಕಚ ಕಚ ಎಂದು ನಾಲ್ಕು ಸಲ ಅಗಿದು ನುಂಗಿದಳು.

ಮಂದೆಯ ಕೊನೆಯ ಕುರಿ ಆ ಮರ ದಾಟುವಷ್ಟರಲ್ಲಿ ಬೆಳ್ಚಿಯ ಕಾಲು ಸೆಟೆದವು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೋರಕ್ಕ ಮರವನ್ನು ಕೇಳಿದಳು, "ಯಾಕೆ ಹೀಗೆ ಮಾಡಿದೆ?"

"ಹಣ್ಣಾಯಿತು, ಉದುರಿಸಿದೆ," ಅಂದಿತು ಮರ. "ತಿನ್ನು ಅಂತ ಯಾರನ್ನೂ ಕರೆದಿಲ್ಲ."

ಅದು ನಿಜವಾಗಿತ್ತು. ಬೋರಕ್ಕ ಬೆಳ್ಚಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ, ಗುಂಡಿ ತೋಡಿ ಇಟ್ಟು, ಮೇಲೆ ಕಲ್ಲು ಜೋಡಿಸಿದಳು. ನರಿ ಕೆದಕಬಾರದೆಂದು ದೊಡ್ಡ ಕಲ್ಲನ್ನೇ ಇಟ್ಟಳು.

ಕಾಗೆ ಮೇಲಿನ ಕೊಂಬೆಯಲ್ಲಿತ್ತು. "ನಾನು ಎಲ್ಲ ನೋಡ್ತಾ ಇದ್ದೆ," ಅಂದಿತು. "ನೀನು ಓಡಿ ಬರುವ ಮೊದಲು ಅವಳು ಬರೀ ಕಚ್ಚಿಕೊಂಡಿದ್ದಳು. ಕಹಿ ಅಂತ ಉಗುಳ್ತಿದ್ದಳೋ ಏನೋ. ನೀನು ಬಂದೆ, ನುಂಗಿದಳು."

ಬೋರಕ್ಕ ಕಲ್ಲು ಜೋಡಿಸುವುದನ್ನು ನಿಲ್ಲಿಸಲಿಲ್ಲ. ಕಾಗೆ ಹಾರಿ ಹೋಯಿತು.

ಈಗ ಕೆಂದ ಒಬ್ಬನೇ ಉಳಿದ.

ಬೇಸಿಗೆ ಹತ್ತಿರ ಬಂದಿತ್ತು. ಕುಂಟೆಗಳ ನೀರು ಬತ್ತಿ ತಳದ ಕೆಸರು ಬಿರುಕು ಬಿಡುತ್ತಿತ್ತು. ಇನ್ನು ಹತ್ತು ದಿನದೊಳಗೆ ಮಂದೆಯನ್ನು ಹೊಳೆಗೆ ಮುಟ್ಟಿಸಬೇಕು. ಹೊಳೆಗೆ ಇದ್ದದ್ದು ಒಂದೇ ದಾರಿ, ಆ ದಾರಿ ಹೋಗುವುದು ಕಾಸರಕದ ತೋಪಿನೊಳಗೆ. ಅಲ್ಲಿ ಒಂದಲ್ಲ, ನೂರು ಮರ. ಎಲ್ಲ ಮರದಲ್ಲೂ ಹಣ್ಣು. ತೋಪಿನ ಅಂಚಿನಲ್ಲಿ ತೋಳ.

ಕೆಂದ ಇಲ್ಲದೆ ಹೋದರೆ ಮಂದೆ ತೋಳದ ಪಾಲು. ಕೆಂದನ ಜೊತೆ ಹೋದರೆ ಕೆಂದ ಆ ಹಣ್ಣುಗಳ ಪಾಲು. ಹೋಗದೆ ಇದ್ದರೆ ಎಲ್ಲರೂ ಬಾಯಾರಿಕೆಯ ಪಾಲು.

ಬೋರಕ್ಕ ಮಣ್ಣಿನ ಮೇಲೆ ಅಂಗೈ ಇಟ್ಟು, "ಅವ್ವಾ, ನಾಯಿಗೆ ಕೊಟ್ಟ ಮಾತು ಹಿಂದಕ್ಕೆ ತಗೋ," ಅಂದಳು.

"ಕೊಟ್ಟದ್ದನ್ನ ಹಿಂದಕ್ಕೆ ತಗೊಂಡರೆ ನಾಳೆ ಹಸು ಬಂದು ಹುಲ್ಲು ಸಾಲದು ಅನ್ನುತ್ತೆ," ಅಂದಳು ಭೂಮ್ತಾಯಿ. "ಆಗಲ್ಲ."

ಬೋರಕ್ಕ ಗೀಜುಗನ ಹತ್ತಿರ ಹೋದಳು. ಗೀಜುಗ ಜಾಲಿಯ ಕೊಂಬೆಗೆ ಗೂಡು ನೇಯುತ್ತಿತ್ತು. ಹಿಂದಿನ ಎರಡು ಗೂಡನ್ನೂ ಹೆಂಡತಿ ಒಪ್ಪಿರಲಿಲ್ಲ, ಇದು ಮೂರನೆಯದು.

"ನಾಯಿಯ ಬಾಯಿಗೊಂದು ಗೂಡು ನೇಯ್ದು ಕೊಡು," ಅಂದಳು ಬೋರಕ್ಕ.

"ಒಳಗೆ ಯಾರು ಇರ್ತಾರೆ?"

"ಮೂತಿ."

"ಮೂತಿ ಗೊಣಗಲ್ಲ ತಾನೆ?"

"ಇಲ್ಲ."

"ಹಾಗಾದರೆ ಸರಿ," ಅಂದಿತು ಗೀಜುಗ. ಹುಲ್ಲೆಳೆ ತಂದು ಒಂದೇ ಬೆಳಗಿನಲ್ಲಿ ನೇಯ್ದುಕೊಟ್ಟಿತು. ಲೋಕದಲ್ಲಿ ಮೊದಲನೆಯ ಬಾಯಿಕುಕ್ಕೆ ಅದೇ.

ಬೋರಕ್ಕ ಅದನ್ನು ಕೆಂದನ ಮೂತಿಗೆ ಕಟ್ಟಿದಳು. ಒಂದು ದಿನ ಕೆಂದ ಏನೂ ತಿನ್ನಲಿಲ್ಲ. ಎರಡನೆಯ ದಿನವೂ ದಾರಿಯಲ್ಲಿ ಬಿದ್ದದ್ದು ದಾರಿಯಲ್ಲೇ ಉಳಿಯಿತು. ಕೆಂದ ತಲೆ ತಗ್ಗಿಸಿ ನಡೆದ. ಬೋರಕ್ಕನಿಗೆ ಅವನ ಮುಖ ನೋಡಲು ಆಗಲಿಲ್ಲ, ಆದರೆ ಜೀವ ಇತ್ತಲ್ಲ, ಅಷ್ಟು ಸಾಕು ಅಂದುಕೊಂಡಳು.

ಮೂರನೆಯ ದಿನ ಮಧ್ಯಾಹ್ನ ತೋಳ ಬಂತು.

ಕೆಂದ ಓಡಿದ. ಅಡ್ಡ ನಿಂತ. ಬೊಗಳಲು ಹೋದ, "ಉಂ" ಅಂತ ಬಂತು. ಕಚ್ಚಲು ಹೋದ, ಹುಲ್ಲು ಮಾತ್ರ ಕಚ್ಚಿತು.

ತೋಳ ಹಿಂಗಾಲ ಮೇಲೆ ಕೂತು ನೋಡಿತು. "ಏನು ಭಾವ, ಮೂತಿಗೆ ಹಕ್ಕಿಗೂಡು ಕಟ್ಕೊಂಡಿದ್ದೀಯ? ಮೊಟ್ಟೆ ಎಷ್ಟಾಯಿತು?"

"ಉಂ," ಅಂದ ಕೆಂದ.

"ಮರಿ ಆದ ಮೇಲೆ ಹೇಳಿ ಕಳಿಸು," ಅಂತ ಹೇಳಿ ತೋಳ ಒಂದು ಕುರಿಮರಿಯ ಕತ್ತು ಹಿಡಿದು, ಅವಸರವಿಲ್ಲದೆ ಹೊರಟು ಹೋಯಿತು.

ಬೋರಕ್ಕ ಕುಡುಗೋಲಿನಿಂದ ಕುಕ್ಕೆ ಕೊಯ್ದು ಎಸೆದಳು. ಕೆಂದ ಬಾಯಿ ಆಡಿಸಿಕೊಂಡ. ಕೆಳಗೆ ಬಿದ್ದಿದ್ದ ಕುಕ್ಕೆಯನ್ನು ಮೂಸಿದ. ಆಮೇಲೆ ಅದನ್ನೂ ತಿಂದ.

ಚಂಪಾ ನಕ್ಕಳು. ಅಜ್ಜಿ ನಗಲಿಲ್ಲ. "ಅದು ದಾರಿಯಲ್ಲಿ ಬಿದ್ದಿತ್ತಲ್ಲ," ಅಂದಳು.

ಏಳು ದಿನ ಉಳಿದಿತ್ತು. ತೋಪಿನ ಈಚೆಗೆ ದ್ಯಾವಣ್ಣನ ಹೊಲವಿತ್ತು. ಲೋಕದಲ್ಲಿ ಮೊದಲು ನೇಗಿಲು ಹಿಡಿದವನು ಈ ದ್ಯಾವಣ್ಣ. ಬೋರಕ್ಕ ಪ್ರತಿ ವರ್ಷ ಅವನ ಹೊಲದಲ್ಲಿ ಮಂದೆ ತರುಬುತ್ತಿದ್ದಳು. ಅಂದರೆ ರಾತ್ರಿ ಕುರಿಗಳನ್ನು ಅವನ ಹೊಲದಲ್ಲಿ ಮಲಗಿಸುವುದು. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಬೆಳಗ್ಗೆ ಒಂದು ಮೊರ ರಾಗಿ ಬೋರಕ್ಕನಿಗೆ. ಕುರಿಯವರೂ ಹೊಲದವರೂ ಅಂದಿನಿಂದ ಹೀಗೆಯೇ ನಡೆದುಕೊಂಡು ಬಂದಿದ್ದಾರೆ.

ಆ ರಾತ್ರಿ ಮಂದೆ ಅಲ್ಲೇ ಮಲಗಿತ್ತು. ಬೆಳಗ್ಗೆ ದ್ಯಾವಣ್ಣ ಬರಿಗೈಯಲ್ಲಿ ಬಂದ. ಒಂದು ಕಾಲಲ್ಲಿ ಎಕ್ಕಡ ಇತ್ತು, ಇನ್ನೊಂದು ಕಾಲಲ್ಲಿ ಇರಲಿಲ್ಲ.

"ಬೋರಕ್ಕ, ಇನ್ನೊಂದು ರಾತ್ರಿ ಮಂದೆ ಇಲ್ಲೇ ಇರಲಿ," ಅಂದ.

"ಮೊರ ಎಲ್ಲಿ?"

"ನಾಳೆ ಕೊಡ್ತೀನಿ."

"ಸರಿ. ನನ್ನ ಕುರಿಗಳೂ ನಾಳೆ ಹಿಕ್ಕೆ ಹಾಕ್ತವೆ."

"ಏನಕ್ಕ, ನಂಬಿಕೆ ಇಲ್ವಾ?"

"ಮೊರ ಕಂಡರೆ ಮಂದೆ ಕೂರುತ್ತೆ ಕಣಣ್ಣ. ಕೂಗಾಡಿದರೆ ಕೂರಲ್ಲ."

ದ್ಯಾವಣ್ಣ ಕುಂಟಿಕೊಂಡು ಹೊಲದ ಬದುವಿನ ಮೇಲೆ ಕೂತ. "ನಿನ್ನ ನಾಯಿಗೂ ನಿಂದೇ ಬುದ್ಧಿ. ನನ್ನ ಎಕ್ಕಡ ಹೊತ್ಕೊಂಡು ಹೋಗಿದೆ. ಬೆಳಗ್ಗೆಯಿಂದ ಅಟ್ಟಿಸ್ತಾ ಇದ್ದೀನಿ. ನಾನು ಓಡಿದರೆ ಅದೂ ಓಡುತ್ತೆ, ನಾನು ನಿಂತರೆ ಅದೂ ನಿಂತು ಅಗಿಯುತ್ತೆ."

ಬೋರಕ್ಕ ಕೆಂದನ ಕಡೆ ನೋಡಿದಳು. ಅವನು ಮೂವತ್ತು ಹೆಜ್ಜೆ ಆಚೆ, ಎಕ್ಕಡವನ್ನು ಕಚ್ಚಿಕೊಂಡು, ಇಬ್ಬರಲ್ಲಿ ಯಾರು ಮೊದಲು ಓಡಿ ಬರುತ್ತಾರೆಂದು ಕಾಯುತ್ತಿದ್ದ.

ಬೆಳ್ಚಿಯೂ ಹೀಗೆಯೇ ತಲೆ ಎತ್ತಿ ನೋಡಿದ್ದಳು. ಆಗ ತನ್ನ ಕೈಯಲ್ಲಿ ಇದ್ದದ್ದು ಕೋಲು. ಮೊರ ಇಲ್ಲದೆ ಬಂದ ದ್ಯಾವಣ್ಣನಿಗೂ, ಕೋಲು ಹಿಡಿದು ಓಡಿದ ತನಗೂ ಏನು ವ್ಯತ್ಯಾಸ ಎಂದು ಬೋರಕ್ಕ ಯೋಚಿಸಿದಳು. ಏನೂ ಇರಲಿಲ್ಲ.

ಆ ವಾರ ದಿನಕ್ಕೊಂದು ಕುರಿ ಈಯುತ್ತಿತ್ತು. ಮರಿ ಕುಡಿದು ಮಿಕ್ಕ ಹಾಲನ್ನು ಬೋರಕ್ಕ ಕಾಯಿಸಿ ಗಿಣ್ಣು ಮಾಡಿ, ಮುತ್ತುಗದ ಎಲೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಗಿಣ್ಣು ಅಂದರೆ ಖರ್ವಸ್ ಅಲ್ವಾ ಅಜ್ಜಿ?"

"ಹೂಂ, ಇಲ್ಲಿಯವರು ಹಾಗೆ ಅಂತಾರೆ. ಆದರೆ ಅದು ಕುರಿಯ ಹಾಲಿನದು. ವಾಸನೆ ಊರಾಚೆಗೂ ಹೋಗುತ್ತೆ."

ಬೋರಕ್ಕ ಕೋಲನ್ನು ಕೆಳಗಿಟ್ಟಳು. ಓಡಲಿಲ್ಲ, ಕೂಗಲಿಲ್ಲ. ನೆಲದ ಮೇಲೆ ಕೂತು, ಗಿಣ್ಣಿನ ಒಂದು ತುಂಡು ಮುರಿದು, ಅಂಗೈಯಲ್ಲಿಟ್ಟು ಚಾಚಿದಳು. "ತಾ," ಅಂದಳು, ಕುರಿಮರಿಗೆ ಹೇಳುವ ದನಿಯಲ್ಲಿ.

ಕೆಂದ ಎಕ್ಕಡ ನೋಡಿದ. ಅಂಗೈ ನೋಡಿದ. ಬಿದ್ದದ್ದು ಅವನದು, ಅದು ಗೊತ್ತು. ಆದರೆ ಚಾಚಿದ ಕೈಯ ಬಗ್ಗೆ ಭೂಮ್ತಾಯಿ ಏನೂ ಹೇಳಿರಲಿಲ್ಲ. ಇದು ಹೊಸದು.

ಎಕ್ಕಡ ಬಿಟ್ಟು ಬಂದ. ಗಿಣ್ಣು ತಿಂದ. ಅಂಗೈಯನ್ನೂ ನೆಕ್ಕಿದ.

ದ್ಯಾವಣ್ಣ ಎದ್ದು ಎಕ್ಕಡ ತರಲು ಹೊರಟ. ಬೋರಕ್ಕ ಅದನ್ನು ಎತ್ತಿಕೊಂಡು ಕೆಂದನ ಮುಂದೆಯೇ ಮತ್ತೆ ಹಾಕಿದಳು.

"ಅಯ್ಯೋ, ನನ್ನ ಎಕ್ಕಡ ಕಣಕ್ಕ."

"ಇರಲಿ ಅಣ್ಣ. ಒಂದು ಸಲಕ್ಕೆ ಕಲಿಯೋ ವಿದ್ಯೆ ಅಲ್ಲ ಇದು."

ಕೆಂದ ಎಕ್ಕಡ ಎತ್ತಿಕೊಂಡ. ಬೋರಕ್ಕ ಕೈ ಚಾಚಿ "ತಾ" ಅಂದಳು. ಕೆಂದ ಬಿಟ್ಟ, ಬಂದ, ತಿಂದ. ಮತ್ತೆ ಎಕ್ಕಡ ಹಾಕಿದಳು. ಮತ್ತೆ ತಾ. ಮತ್ತೆ ಬಿಟ್ಟ, ಬಂದ, ತಿಂದ. ನೆರಳು ಕಾಲಡಿಗೆ ಬರುವ ಹೊತ್ತಿಗೆ ಎಕ್ಕಡ ಎಕ್ಕಡದ ಹಾಗೆ ಉಳಿದಿರಲಿಲ್ಲ, ಕೆಂದ ಮಾತ್ರ ಕಲಿತಿದ್ದ. ದ್ಯಾವಣ್ಣ ಮನೆಗೆ ಹೋಗಿ ಮೊರ ತಂದ. ಮಂದೆ ಕೂತಿತು.

ಹೀಗೆ ನಾಲ್ಕು ದಿನ ನಡೆಯಿತು. ಮೂಳೆಗೆ ಗಿಣ್ಣು, ತೊಗಲಿಗೆ ಗಿಣ್ಣು, ಹೇಳಬಾರದ್ದಕ್ಕೂ ಗಿಣ್ಣು.

"ಗಿಣ್ಣು ಯಾಕೆ ಹಾಳು ಮಾಡ್ತೀಯ?" ಅಂದ ದ್ಯಾವಣ್ಣ. "ಬರೀ ಮುಷ್ಟಿ ತೋರಿಸು. ಅದಕ್ಕೇನು ಗೊತ್ತಾಗುತ್ತೆ?"

"ಮೊದಲನೇ ಸಲ ಗೊತ್ತಾಗಲ್ಲ," ಅಂದಳು ಬೋರಕ್ಕ. "ಎರಡನೇ ಸಲ ನನ್ನ ಕೈ ನೋಡಿದರೆ ಓಡುತ್ತೆ."

ಐದನೆಯ ದಿನ ಬೆಳಗ್ಗೆ ಬೋರಕ್ಕ ಇದ್ದಷ್ಟು ಗಿಣ್ಣನ್ನು ಹದಿನೇಳು ತುಂಡು ಮಾಡಿ ಎಲೆಯಲ್ಲಿ ಕಟ್ಟಿಕೊಂಡು ತೋಪಿನೊಳಗೆ ಮಂದೆ ಹೊಡೆದಳು.

ತೋಪಿನಲ್ಲಿ ದಾರಿ ಕಾಣುತ್ತಿರಲಿಲ್ಲ. ಹಣ್ಣು ಬಿದ್ದು ಬಿದ್ದು ನೆಲ ಕಿತ್ತಳೆ ಬಣ್ಣವಾಗಿತ್ತು. ಮರಗಳು ಸುಮ್ಮನಿದ್ದವು. ಗಾಳಿ ಬೀಸಿದಾಗ ಇನ್ನೂ ಎರಡು ಹಣ್ಣು ಉದುರುತ್ತಿದ್ದವು, ಟಪ್, ಟಪ್. ತೋಳ ಬಲಗಡೆಯ ಮರಗಳ ಸಂದಿಯಲ್ಲಿ ಮಂದೆಯ ಜೊತೆಗೇ ನಡೆಯುತ್ತಿತ್ತು. ಅದಕ್ಕೆ ಅವಸರವಿರಲಿಲ್ಲ.

ಕೆಂದ ಮೊದಲನೆಯ ಹಣ್ಣಿಗೆ ಬಾಯಿ ಹಾಕಿದ. ಬೋರಕ್ಕ ಕೂತು ಕೈ ಚಾಚಿದಳು. "ತಾ." ಬಿಟ್ಟ, ಬಂದ, ತಿಂದ.

ಹತ್ತು ಹೆಜ್ಜೆ. ಇನ್ನೊಂದು ಹಣ್ಣು. "ತಾ." ಬಿಟ್ಟ, ಬಂದ, ತಿಂದ.

"ಭಾವ," ಅಂದಿತು ತೋಳ, "ದಾರಿಯಲ್ಲಿ ಬಿದ್ದದ್ದೆಲ್ಲ ನಿಂದು ಅಲ್ವಾ? ಬೇಡ ಅನ್ನೋಕೆ ಇವಳು ಯಾರು?"

"ಅವಳು ಬೇಡ ಅಂತಿಲ್ಲ," ಅಂದ ಕೆಂದ, ಬಾಯಲ್ಲಿ ಹಣ್ಣಿಟ್ಟುಕೊಂಡೇ. "ತಾ ಅಂತಾಳೆ."

ಐದು ತುಂಡು ಹೋಯಿತು. ಹತ್ತು ಹೋಯಿತು. ಹೋಗುತ್ತ ಹೋಗುತ್ತ ಕೆಂದ ಕೆಲವು ಹಣ್ಣನ್ನು ಬರೀ ಮೂಸಿ ಬೋರಕ್ಕನ ಕಡೆ ನೋಡುತ್ತಿದ್ದ. ಅದಕ್ಕೂ ಅವಳು ಕೊಟ್ಟಳು. ಕೊಡದಿದ್ದರೆ ನ್ಯಾಯವಲ್ಲ. ಮರಗಳ ನಡುವೆ ಬೆಳಕು ಹೆಚ್ಚುತ್ತ ಬಂತು. ಹೊಳೆಯ ಸದ್ದು ಕೇಳಿಸಿತು. ನೀರಿನ ವಾಸನೆಗೆ ಕುರಿಗಳು ಕತ್ತೆತ್ತಿ ಬಿರಬಿರನೆ ನಡೆದವು.

ಕೊನೆಯ ಮರದ ಹತ್ತಿರ ಕೆಂದ ಒಂದು ಹಣ್ಣು ಕಚ್ಚಿಕೊಂಡ. ಚೆನ್ನಾಗಿ ಕಳಿತದ್ದು, ಹಲ್ಲು ಸಿಪ್ಪೆಯೊಳಗೆ ಇಳಿಯಿತು. ಬೋರಕ್ಕ ಸೊಂಟದ ಎಲೆಗೆ ಕೈ ಹಾಕಿದಳು. ಎಲೆಯಲ್ಲಿ ಎಲೆ ಮಾತ್ರ ಇತ್ತು.

ತೋಳ ನಿಂತಿತು. ಅದಕ್ಕೆ ಅರ್ಥವಾಯಿತು.

ಕೆಂದ ತಿರುಗಿ ಬೋರಕ್ಕನನ್ನು ನೋಡುತ್ತಿದ್ದ. ಓಡಿದರೆ ನುಂಗುತ್ತಾನೆ, ಅದು ಅವಳಿಗೆ ಗೊತ್ತು. ಮುಷ್ಟಿ ಕಟ್ಟಿ ಚಾಚಿದರೆ ಇವತ್ತು ಬರುತ್ತಾನೆ, ನಾಳೆ ಬರುವುದಿಲ್ಲ. ಅದೂ ಗೊತ್ತು. ಇವತ್ತು ಒಂದು ದಿನ ಬದುಕಿದರೆ ಸಾಕು ಅಂತ ಮುಷ್ಟಿ ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು. ಅವಳು ಅದನ್ನು ನೋಡಿದಳು.

ಕೂತಳು. ಮುಷ್ಟಿ ಬಿಚ್ಚಿ, ಐದು ಬೆರಳನ್ನೂ ಬಿಡಿಸಿ, ಏನೂ ಇಲ್ಲದ ಅಂಗೈಯನ್ನು ಚಾಚಿದಳು.

"ಮುಗೀತು ಕಣೋ," ಅಂದಳು. "ಏನೂ ಇಲ್ಲ. ತಾ."

ಗಾಳಿ ಯಾರನ್ನೂ ಮುಟ್ಟದೆ ನಿಂತಿತು. ಕಾಸರಕದ ಮರ ಕೆಳಗೆ ನೋಡಿತು. ಅದಕ್ಕೆ ಯಾರ ಪಕ್ಷವೂ ಇರಲಿಲ್ಲ.

ಕೆಂದ ನೋಡಿದ. ಮನುಷ್ಯರ ಕಣ್ಣಿಗೆ ಅದು ಖಾಲಿ ಕೈ. ನಾಯಿ ಕೈಯನ್ನು ನೋಡುವುದು ಕಣ್ಣಿನಲ್ಲಲ್ಲ, ಮೂಗಿನಲ್ಲಿ. ಆ ಕೈಯಲ್ಲಿ ನಾಲ್ಕು ದಿನದ ಗಿಣ್ಣಿತ್ತು. ಆಗ ತಾನೆ ಹುಟ್ಟಿದ ಮರಿಗಳ ಮೈಯಿತ್ತು, ಉಣ್ಣೆಯಿತ್ತು. ಎಲ್ಲದರ ಅಡಿಯಲ್ಲಿ, ಬೆರಳ ಸಂದಿಯಲ್ಲಿ, ಮಣ್ಣಿನ ಜೊತೆ ಸೇರಿ, ಬೆಳ್ಚಿಯೂ ಇನ್ನೂ ಸ್ವಲ್ಪ ಉಳಿದಿದ್ದಳು.

ಕೆಂದ ಬಾಯಿ ತೆರೆದ. ಹಣ್ಣು ಉರುಳಿ ಹೋಯಿತು. ಬಂದು ಅಂಗೈಯೊಳಗೆ ಮೂತಿ ಇಟ್ಟ.

ತೋಳ ನೆಲಕ್ಕೆ ಬಾಯಿ ಹಚ್ಚಿ ದೂರು ಹೇಳಿತು. "ಭೂಮ್ತಾಯಿ, ಬಿದ್ದದ್ದೆಲ್ಲ ಅವನದು ಅಂತ ನೀನೇ ಹೇಳಿದ್ದೆ."

"ಈಗಲೂ ಅವನದೇ," ಅಂದಳು ಭೂಮ್ತಾಯಿ. "ತನ್ನದನ್ನು ಅವನು ಬಿಟ್ಟ. ನಿನಗೇನು ಕಷ್ಟ?"

ಅಷ್ಟರಲ್ಲಿ ಕೆಂದನ ಬಾಯಿ ಬರಿದಾಗಿತ್ತು, ಮೂತಿಗೆ ಗೂಡು ಇರಲಿಲ್ಲ. ಅವನು ತೋಳದ ಕಡೆ ತಿರುಗಿದ. ತೋಳ ಬಂದದ್ದಕ್ಕಿಂತ ಬೇಗ ಹೋಯಿತು.

ಹೊಳೆಯ ದಡದಲ್ಲಿ ಕುರಿಗಳು ಸಾಲಾಗಿ ಬಾಯಿಟ್ಟವು. "ಯಾರು ಯಾರು ಬಂದಿರಿ?" ಎಂದು ಹೊಳೆ ಕೇಳಿತು.

"ಕುರಿ, ಮರಿ, ಒಂದು ನಾಯಿ, ನಾನು," ಅಂದಳು ಬೋರಕ್ಕ. ಒಂದು ಕುರಿಯ ಹಾಲು ಕರೆದಳು. ಅವಳಿಗೂ ಹಸಿವಿತ್ತು. ಮೊದಲು ಕೆಂದನಿಗೆ ಹುಯ್ದಳು, ಉಳಿದದ್ದನ್ನು ತಾನು ಕುಡಿದಳು. ಅಂದಿನಿಂದ ಅವಳ ಊಟ ಆ ಲೆಕ್ಕದಲ್ಲೇ ನಡೆಯಿತು.

ಭೂಮ್ತಾಯಿ ಮಾತು ಹಿಂದಕ್ಕೆ ತಗೊಳ್ಳಲಿಲ್ಲ, ಆದ್ದರಿಂದ ಇವತ್ತಿಗೂ ನಾಯಿ ದಾರಿಯಲ್ಲಿ ಬಿದ್ದದ್ದೆಲ್ಲ ತನ್ನದೇ ಎಂದು ಬಾಯಿ ಹಾಕುತ್ತದೆ, ಯಾರಾದರೂ ಕಿತ್ತುಕೊಳ್ಳಲು ಓಡಿ ಬಂದರೆ ಗಬಕ್ಕನೆ ನುಂಗುತ್ತದೆ. ಆದರೆ ನುಂಗುವ ಮೊದಲು ಒಂದು ಗಳಿಗೆ ಕತ್ತು ತಿರುಗಿಸಿ, ಹಿಂದೆ ಬರುತ್ತಿರುವವರ ಕೈಯನ್ನು ನೋಡುತ್ತದೆ.

"ತೋಳ ನೋಡಲ್ವಾ?" ಅಂದಳು ಚಂಪಾ.

"ತೋಳದ ಹಿಂದೆ ಯಾರು ಬರ್ತಾರೆ?"

ಚಂಪಾ ಮೂತಿಚೀಲವನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ಡಬ್ಬಿ ತೆಗೆದ ಸದ್ದಾಯಿತು. ಮಂಚದ ಕೆಳಗಿನಿಂದ ಮೋತಿಯ ಮೂತಿ ಹೊರಗೆ ಬಂತು. ಹಿಂದಿರುಗಿದಾಗ ಅವಳ ಎರಡು ಜೇಬಿನಲ್ಲೂ ಪನೀರಿನ ತುಂಡುಗಳಿದ್ದವು.

"ಹೊರಟೆಯಾ?" ಅಂದಳು ಅಜ್ಜಿ. "ಬಂದ ಮೇಲೆ ಇದನ್ನೆಲ್ಲ ಬರ್ಕೋ. ಇವತ್ತೇನೋ ಎಲ್ಲ ಬಾಯಿಗೆ ಬಂತು, ನಾಳೆ ಬರುತ್ತೋ ಇಲ್ಲವೋ."

"ನಂಗೆ ಕನ್ನಡ ಬರೆಯೋಕೆ ಬರಲ್ಲ ಅಜ್ಜಿ."

"ನಿಂಗೆ ಯಾವ ಅಕ್ಷರ ಬರುತ್ತೋ ಅದರಲ್ಲೇ ಬರಿ. ನಾನು ನಿಧಾನವಾಗಿ ಹೇಳ್ತೀನಿ."